ಕೆಂಪಿಗೆ ರೋಹೋ, ಹಸಿರಿಗೆ ವೆರ್ದೆ

…ನಗಬ್ಯಾಡ್ರಿ ಶಾಹಿದ್ ಭಾಯಿ, ನಗೂ ಮಾತಲ್ಲ ಇದು! ಒಳಗ ಕಾಲಿಟ್ಟಾಗಿಂದ ನೋಡಾಕತ್ತೇನಿ. ನನ್ನ ಮಾರಿ ನೋಡ್ತೀರಿ, ಅಂಗಿ ನೋಡ್ತೀರಿ, ಮುಸುಮುಸು ನಗ್ತೀರಿ. ಹೊಸಾ ಅಂಗಿ ಹಾಕ್ಕೊಂಡ ಮಾಸ್ತರನ್ನ ನಿಮ್ಮ ಹುಬ್ಬಳ್ಳ್ಯಾಗ ನೋಡೇ ಇಲ್ಲೇನು? ಇರ್ಲಿ. ಕುಂದರ್ರಿ. ಆ ಬಾಕಿನ ಮ್ಯಾಲೆ ಬ್ಯಾಡ, ಅದರದೊಂದು ಕಾಲು ಮುರದೇತಿ. ನೀವು ರಿಪೇರಿ ಮಾಡಾಕ ಬಂದಿದ್ದು ಅದಲ್ಲ, ಮ್ಯಾಲೆ ತೂಗಬಿದ್ದೇತಲ್ಲ, ಆ ಪ್ರೊಜೆಕ್ಟರು.

ಫೋನಿನ್ಯಾಗ ಹೇಳಿದ್ನೆಲ್ಲಾ. ಬಣ್ಣ ತಪ್ಪು ತೋರಸ್ತೇತಿ. ಕೆಂಪಿದ್ದದ್ದು ಹಸಿರು, ಹಸಿರಿದ್ದದ್ದು ಕೆಂಪು. ಕೇಬಲ್ ಹೋಗೇತಿ, ನನಗ ಅಗದಿ ಖಾತ್ರಿ ಐತಿ. ನೀವು ಹೊಸಾದೊಂದು ಹಾಕ್ರಿ, ಹೆಡ್ ಅಕ್ಕೋರ ಮುಂದ ‘ಕೇಬಲ್ ಹೋಗಿತ್ರಿ’ ಅಂತ ಒಂದು ಮಾತು ಅನ್ರಿ, ಚಾ ಕುಡೀರಿ, ಸಂಜೀ ಬಸ್ಸಿಗೆ ಹುಬ್ಬಳ್ಳಿ ಮುಟ್ರಿ. ಆತಿಲ್ಲೋ?

ಮೊದಲು ನೋಡ್ತೀನಿ ಅಂತೀರಿ? ನೋಡ್ರಿ. ನೋಡೂದು ನಿಮ್ಮ ಕೆಲಸ. ಆದ್ರ ಭಾಳ ನೋಡಬ್ಯಾಡ್ರಿ.

ಏನಂದ್ರಿ? ಕೇಬಲ್ ಅಷ್ಟ ಆಗಿದ್ರ ನಾನ ಬೈಕಿನ ಮ್ಯಾಲೆ ಬಂದು ಒಯ್ಯಬಹುದಿತ್ತಾ? ಹುಬ್ಬಳ್ಳಿಗೆ ನಾ ಬೈಕ್ ತರಂಗಿಲ್ರಿ. ನವಲಗುಂದದಾಗ ಹೊಡೀತೇನಿ, ಯಮನೂರತನಕ ಹೋಗಿ ಬರ್ತೇನಿ, ಹುಬ್ಬಳ್ಳಿ ಅಂದ್ರ ಬಸ್ಸು. ಆ ಸಿಗ್ನಲ್ ನನಗ ಕೂಡಿ ಬರಂಗಿಲ್ಲ. ಮುಂದಿನಾವ ಹೋದ್ರ ಹೋಗೂದು, ನಿಂತ್ರ ನಿಲ್ಲೂದು… ಮುಂದ ಯಾರೂ ಇರದಿದ್ರ ಭಾಳ ತ್ರಾಸು. ಯಾಕಂದ್ರ? ಯಾಕಂದ್ರ ಏನು, ಹಳ್ಳಿ ಮಂದಿ ನಾವು! ನೀವು ನಿಮ್ಮ ನಟ್ಟು ಬಿಚ್ಚರಿ.

ಏನು, ನಮ್ಮ ಸಾಲ್ಯಾಗ ಸ್ಪ್ಯಾನಿಶ್ ಯಾಕ? ಕೇಳ್ರಿ ಕೇಳ್ರಿ, ಎಲ್ಲಾರೂ ಕೇಳ್ತಾರ. ಹೋದ ವರ್ಷ ಸ್ಪೇನ್ ದೇಶದಾಕಿ ಒಬ್ಬಾಕಿ ಬಂದಿದ್ಲು, ಜಮಖಾನ ನೇಯೂದು ನೋಡಾಕ. ಇಲ್ಲೇ ಹಿಂದಿನ ಓಣ್ಯಾಗ ತಬಸುಮ್‌ಬಾಯಿ ಮಗ್ಗದ ಮುಂದ ಮಧ್ಯಾಹ್ನತನಕ ಕುಂತ್ಲು. ನಮ್ಮ ಸಾಲಿ ಹುಡುಗರು ಸುತ್ತ ನಿಂತು ಆಕಿ ಮಾರಿ ನೋಡಿದ್ರು, ಆಕಿ ಇವರ ಮಾರಿ ನೋಡಿದ್ಲು. ಮಾತಿಲ್ಲ ಕತಿಯಿಲ್ಲ. ಆಕಿಗೆ ಜೀವಕ್ಕ ಹತ್ತಿತು. ಊರಿಗೆ ಹೋದಾಕಿ ಈ ಪ್ರೊಜೆಕ್ಟರು, ಈ ಲ್ಯಾಪ್‌ಟಾಪು, ಅದರಾಗ ಸಣ್ಣ ಹುಡುಗರಿಗೆ ಸ್ಪ್ಯಾನಿಶ್ ಶಬ್ದ ಕಲಸೂ ಆಟ, ಎಲ್ಲಾ ಕಳಿಸಿಕೊಟ್ಲು. ಮುಂದಿನ ಸಲ ಬಂದಾಗ ಹುಡುಗರ ಜೋಡಿ ನಾಕು ಮಾತಾಡಬೇಕಂತ. ನಮಗ ಬೇಕಾಗಿದ್ದು ಪಾಯಖಾನಿಗೆ ಒಂದು ಬಾಗಲಾ. ಬಂದದ್ದು ಸ್ಪ್ಯಾನಿಶ್. ಬಂದದ್ದನ್ನ ಬ್ಯಾಡ ಅನ್ನಾಕ ಬರ್ತೇತೇನ್ರಿ?

ಆದ್ರ ಹುಡುಗರು ಕಲತ್ರು ನೋಡ್ರಿ! ಒಂದನೇತ್ತೆ, ಎರಡನೇತ್ತೆ, ಮೂಗು ಒರಸಿಕೊಳ್ಳಾಕ ಬರೂದಿಲ್ಲ ಅವಕ್ಕ, ಸ್ಪ್ಯಾನಿಶ್ ಅಂತಾವ. ನೀರಿಗೆ ಅಗ್ವಾ, ಬೆಕ್ಕಿಗೆ ಗಾತೋ, ನಾಯಿಗೆ ಪೆರ್ರೋ. ಅಂಗಳದಾಗಿನ ನಾಯಿ ಈಗ ಹಚಾ ಅಂದ್ರ ಹೊಳ್ಳಿ ನೋಡಂಗಿಲ್ಲ, ಪೆರ್ರೋ ಅಂದ್ರ ಬಾಲ ಅಳ್ಳಾಡಸ್ತೇತಿ. ಬಿಸಿಯೂಟದ ಗುರವ್ವ ಸುದ್ದಾ ‘ಅಗ್ವಾ ಬೇಕೇನಲೇ?’ ಅಂತ ಕೊಡಾ ಹಿಡಕೊಂಡು ತಿರಗತಾಳ. ಕಿಡಕಿಗೆ ಹಳೇ ಜಮಖಾನ ಕಟ್ಟಿ ಕತ್ತಲ ಮಾಡೂದು ನಾನ, ಲ್ಯಾಪ್‌ಟಾಪ್ ಒತ್ತೂದು ನಾನ, ಕರೆಂಟ್ ಹೋದ್ರ ಬಾಯಿಲೆ ಅನ್ನಸೂದೂ ನಾನ. ಮೊದಲ ಸಾಲಿ ಬಿಟ್ಟಾಗ ಓಡಿ ಹೋಗ್ತಿದ್ವು. ಈಗ ‘ಸರ್, ಇನ್ನೊಂದ್ ಸಲಾ’ ಅಂತ ಕೈ ಹಿಡಕೊಂಡು ಜಗ್ಗತಾವ. ಮಾಸ್ತರಕಿ ಅಂದ್ರ ಮತ್ತೇನ್ರಿ? ಅಷ್ಟ.

ಹಾಂ, ಹಚ್ಚಿದ್ರಿ? ಪಟ್ಟಿ ಪಟ್ಟಿ ಬಂತು. ಬಣ್ಣದ ಪಟ್ಟಿ. ಹೌದ್ರಿ, ಕಾಣಸ್ತೇತಿ… ಅಗದಿ ಚೊಲೋ ಕಾಣಸ್ತೇತಿ… ಏನಂದ್ರಿ? ಎಲ್ಲಾ ಬರೋಬ್ಬರಿ ಐತಿ? ಯಾವ ಬಣ್ಣಾನೂ ತಪ್ಪಿಲ್ಲ? ಅದು ನಿಮ್ಮ ಮುಂದ ನಾಟಕ ಮಾಡಾಕತ್ತೇತ್ರಿ! ನಮ್ಮ ಹುಡುಗರೂ ಸಾಹೇಬರು ಬಂದಾಗ ಹಿಂಗ, ಕೈ ಕಟ್ಟಿ ಕುಂದರ್ತಾವ. ಸ್ವಲ್ಪ ಬಿಸಿ ಆಗಲಿ, ಆಮ್ಯಾಲ ನೋಡ್ರಿ.

ಗೊತ್ತಾಗಿದ್ದು ಹೆಂಗ ಅಂತ ಹೇಳ್ತೇನಿ. ಮೊನ್ನೆ ಆ ಸ್ಪೇನಿನ ಬಾಯಿ ವಿಡಿಯೋ ಕಾಲ್ ಮಾಡಿದ್ಲು. ಇದ ಗ್ವಾಡಿ ಮ್ಯಾಲೆ ಇಷ್ಟಗಲ ಆಕಿ ಮಾರಿ. ಹೆಡ್ ಅಕ್ಕೋರು ಮಹಾಲಕ್ಷ್ಮಿಯವರು ಇಲಕಲ್ ಸೀರಿ ಉಟಗೊಂಡು ಮುಂದ ಕುಂತಾರ. ಆ ಬಾಯಿ ಒಂದು ಟೊಮೇಟೊ ಹಿಡದು, ಯಾವ ಬಣ್ಣ ಅಂತ ಕೇಳಿದ್ಲು, ತನ್ನ ಭಾಷಾದಾಗ. ನಮ್ಮ ಹುಡುಗರು, ಅವರ ದನಿ ಅಂದ್ರ ದನಿ, ಒಮ್ಮಿಗೆ ಒದರಿದ್ರು: ‘ವೆರ್ದೆ!’ ಅಂದ್ರ ಹಸಿರು. ಬಾಯಿ ನಕ್ಲು. ಟೊಮೇಟೊ ಇಟ್ಟು ಒಂದು ಎಲಿ ಹಿಡದ್ಲು. ಹುಡುಗರು: ‘ರೋಹೋ!’ ಅಂದ್ರ ಕೆಂಪು. ಮತ್ತ ನಕ್ಲು, ಆದ್ರ ಈ ಸಲ ಸ್ವಲ್ಪ ಕಡಿಮಿ ನಕ್ಲು. ಅಕ್ಕೋರು ನನ್ನ ಕಡೆ ಹೊಳ್ಳಿ ನೋಡಿದ್ರು. ಆ ನೋಟ ಏನ್ ಹೇಳಲಿ ಭಾಯಿ… ನಾ ಅಲ್ಲೇ ಎದ್ದು ನಿಂತು ಅಂದೆ: ‘ಪ್ರೊಜೆಕ್ಟರ್ ಬಣ್ಣ ಬದಲಿ ಮಾಡೇತ್ರಿ ಅಕ್ಕೋರ, ಕೇಬಲ್ ದೋಷ.’

ಮುಬಶಿರಾ ಅಂತ ಒಂದು ಹುಡುಗಿ ಐತ್ರಿ, ಎರಡನೇತ್ತೆ, ಆ ತಬಸುಮ್‌ಬಾಯಿ ಮಗಳ. ಅದು ಮನೀಗೆ ಹೋಗೂ ಮುಂದ ಕೇಳ್ತು: ‘ಸರ್, ಟೊಮೇಟೊ ಕೆಂಪಲ್ರೀ?’ ನಾ ಅಂದೆ, ಕನ್ನಡದಾಗ ಕೆಂಪು, ಅವರ ದೇಶದಾಗ ವೆರ್ದೆ. ಅದು ಗೋಣ ಹಾಕಿ ಹೋತು. ಮಾಸ್ತರ ಹೇಳಿದ ಮ್ಯಾಲೆ ಮುಗೀತಲ್ಲ. ಅದ… ಅದ ನೋಡ್ರಿ ನನಗ ನಿದ್ದಿ ಕೆಡಿಸಿದ್ದು. ಇರ್ಲಿ.

ಸೋಮವಾರ ಬರ್ತಾಳ ಆ ಬಾಯಿ, ಖುದ್ದ. ಅಕ್ಕೋರು ಸ್ವಚ್ಛ ಹೇಳ್ಯಾರ: ‘ಗೌರೀಶ ಸರ್, ಮಶೀನಿನ ತಪ್ಪಾದ್ರ ಮಶೀನು ರಿಪೇರಿ ಮಾಡಸೂಣು. ನಿಮ್ಮ ತಪ್ಪಾದ್ರ ನಿಮ್ಮನ್ನ ರಿಪೇರಿ ಮಾಡೂಣು.’ ರಿಪೇರಿ ಅಂದ್ರ ಏನಂದ್ರಿ? ಒಂದನೇತ್ತೆ ಎರಡನೇತ್ತೆ ಪ್ರಭಂಜನ ಮಾಸ್ತರಗ, ಪ್ರೊಜೆಕ್ಟರ್ ಸುದ್ದಾ. ನನಗ ಬಿಸಿಯೂಟದ ತತ್ತಿ-ಬಾಳಿಹಣ್ಣು ಎಣಿಸೂ ಕೆಲಸ. ಪ್ರಭಂಜನ ಮಾಸ್ತರ ಆಗಲೇ ಮನ್ಯಾಗ ಸ್ಪ್ಯಾನಿಶ್ ಹಾಡು ಹಚ್ಚಿಕೊಂಡು ಕುಂದರ್ತಾನಂತ! ಆಂವಗ ಹುಡುಗರು ಅಂದ್ರ ಆಗಂಗಿಲ್ಲ, ಪ್ರೊಜೆಕ್ಟರ್ ಅಂದ್ರ ಜೀವ. ಗದ್ದಲ ಮಾಡಿದ್ರ ಗ್ವಾಡಿ ಕಡೆ ಮಾರಿ ಮಾಡಿ ನಿಲ್ಲಸ್ತಾನ. ಗ್ವಾಡಿ ಮ್ಯಾಲೆ ಚಿತ್ರ ಬರೂ ಹೊತ್ತಿನ್ಯಾಗ ಅದೂ ಶಿಕ್ಷಾ ಅಲ್ಲ ಬಿಡ್ರಿ.

ಏನು, ಲ್ಯಾಪ್‌ಟಾಪ್ ತಗೀಲಿ? ಅದಕ್ಯಾಕ ಕೈ ಹಾಕ್ತೀರಿ! ದೋಷ ಕೇಬಲ್ಲಿನ್ಯಾಗ ಐತಿ… ಆತು, ನೋಡ್ರಿ. ಅದ, ಆ ಬಣ್ಣದ ಪಾಠ. ಆಟದಾಗ ಅವರ ಚಿತ್ರ ಇದ್ವು, ಕೆಂಪಿಗೆ ಏನೋ ಒಂದು ಹಣ್ಣು, ನಮ್ಮೂರಾಗ ಯಾರೂ ತಿಂದಿಲ್ಲ, ಕಂಡಿಲ್ಲ. ಮಾಸ್ತರು ತಮ್ಮ ಫೋಟೋ ಹಾಕಬಹುದು ಅಂತಿತ್ತು. ಫೋಟೋ ಹಾಕೂದು, ಬಾಜೂಕ ಶಬ್ದ ಆರಿಸೂದು, ಮಶೀನು ತಾನ ಅಂತೇತಿ. ಕನ್ನಡ ಮಾತ್ರ ಬಾಯಿಗೆ ತರಬಾರದು, ನೋಡಬೇಕು, ಕೇಳಬೇಕು, ಅನಬೇಕು. ಅದಕ್ಕ ನಾ ತಬಸುಮ್‌ಬಾಯಿ ಮನೀಗೆ ಹೋಗಿ ಜಮಖಾನದ ನೂಲಿನ ಲಡಿ ಫೋಟೋ ತಕ್ಕೊಂಡು ಬಂದೆ. ಟೊಮೇಟೊ ಹಾಕಿದ್ರ ಹುಡುಗರು ಅದು ಹಣ್ಣಿನ ಹೆಸರು ಅನಕೋತಾವ. ಲಡಿ ಅಂದ್ರ ಬರೇ ಬಣ್ಣ, ಮತ್ತೇನೂ ಇಲ್ಲ. ಹೆಂಗೈತಿ ತಲಿ? ಅಕ್ಕೋರು ತಾಲ್ಲೂಕ ಮೀಟಿಂಗಿನ್ಯಾಗ ನನ್ನ ಹೆಸರು ಹೇಳಿದ್ರು.

ಅಲ್ರಿ, ಅದರಾಗ ತಪ್ಪಾಗಾಕ ಸಾಧ್ಯ ಇಲ್ಲ! ತಬಸುಮ್‌ಬಾಯಿ ಒಂದೊಂದ ಲಡಿ ಕೈಯಾಗ ಕೊಟ್ಟು ಹೆಸರು ಹೇಳಿದ್ಲು, ಮೊದಲ ಕೆಂಪು, ಆಮ್ಯಾಲ ಹಸಿರು, ಆಮ್ಯಾಲ ಹಳದಿ, ನೀಲಿ. ಅದ ಅನುಕ್ರಮದಾಗ ಫೋಟೋ ಹೊಡದೇನಿ, ಅದ ಅನುಕ್ರಮದಾಗ ಶಬ್ದ ಹಚ್ಚೇನಿ… ಏನು? ಫೋನು ಕಡೀಕ ಹೊಡದದ್ದನ್ನ ಮೊದಲ ತೋರಸ್ತೇತಾ? ತಲೆಕೆಳಗ?

…ಹಂಗೇನು.

ಹಾಂ, ಹೌದು, ನೀಲಿ ಹಳದಿ ಮೊದಲ ಬಂದಿದ್ವು, ಅವನ್ನ ಅವತ್ತ ಸರಿ ಮಾಡಿದ್ನಿ. ಉಳದ ಇವೆರಡು… ಇವೆರಡು ನೋಡಿದ ಕೂಡಲೇ ಗೊತ್ತಾಗಬೇಕಿತ್ತಲ್ಲ ಅಂತೀರಿ? ಫೋಟೋ ನೋಡಿದ್ರ ಗೊತ್ತಾಗಂಗಿಲ್ಲೇನು, ಅನುಕ್ರಮ ಯಾಕ ಬೇಕು ಅಂತೀರಿ? ಗೊತ್ತಾಗ್ತೇತಿ ಬಿಡ್ರಿ! ಯಾರಿಗೆ ಗೊತ್ತಾಗಂಗಿಲ್ಲ? ಅವಸರ ಇತ್ತು. ಕರೆಂಟ್ ಹೋಗೂದಿತ್ತು. ಕನ್ನಡಕ… ಕನ್ನಡಕ ನನಗಿಲ್ಲ, ಅದ ಹೇಳಾಕತ್ತೇನಿ, ಇಲ್ಲಲ್ಲ ಕನ್ನಡಕ!

ಯಾಕ್ರಿ ಹಂಗ ನೋಡ್ತೀರಿ? ಬಣ್ಣದ ವಿಚಾರ ನನಗ ಹೇಳಿಕೊಡ್ತೀರೇನು? ಹೇಳಿಸಿಕೊಳ್ಳಾಂವ ಅಲ್ಲ ನಾ. ನಮ್ಮಾಕಿ ದಾನೇಶ್ವರಿ ಇದ್ರ ಬಟ್ಟಿ ಎಲ್ಲಾ ಆಕೀನ ತರ್ತಾಳ. ಅಣ್ಣಿಗೇರಿಗೆ ತವರಮನೀಗೆ ಹೋಗ್ಯಾಳ, ತಂಗಿ ಮಗನ ಹೆಸರಿಡೂದು. ಅದಕ್ಕ ಈ ಅಂಗಿ ನಾನ ಹೋಗಿ ಆರಿಸಿ ತಂದೆ, ಸೋಮವಾರಕ್ಕ ಅಂತನ. ಇವತ್ತ ಬರೇ ಹಾಕಿ ನೋಡೇನಿ. ಬೂದಿ ಬಣ್ಣ. ಮಾಸ್ತರಗ ಅದ ಒಪ್ಪೂದು, ಸಪ್ಪಗ, ಗಂಭೀರ. ಅಂಗಡಿಯಾಂವ ಸುದ್ದಾ ಅಂದ, ‘ಈ ಬಣ್ಣ ಹಾಕ್ಕೊಳ್ಳಾಕ ಧೈರ್ಯ ಬೇಕ್ರಿ ಸರ್’ ಅಂತ. ಬೂದಿಗೆ ಧೈರ್ಯ ಯಾಕಂತ ನನಗೂ ತಿಳೀಲಿಲ್ಲ.

ಮತ್ತ ನಕ್ರಿ! ಇರ್ಲಿ. ಏರ್ರಿ, ಮ್ಯಾಲೆ ಏರ್ರಿ, ಕೇಬಲ್ ಬಿಚ್ಚರಿ. ಸ್ಟೂಲ್ ಹಿಡದೇನಿ. ಏನು ಕೊಡ್ಲಿ? ಸ್ಕ್ರೂಡ್ರೈವರ್? ಚೀಲದಾಗ ಎರಡದಾವ. ಹಸಿರು ಹಿಡಿಕೀದು ಬೇಕಾ? ತಗೋರಿ, ಇದು ಹಸಿರು ಹಿಡಿಕೀದು.

ಹಿಡೀರಿ.

ಹಿಡೀರೆಲ್ಲಾ ಭಾಯಿ, ಕೈ ನೋಯ್ತೇತಿ… ಇದಲ್ಲಾ? ಹಹ್ಹ! ಚ್ಯಾಷ್ಟಿ ಮಾಡಿದ್ನಿ. ನಿಮ್ಮ ಪರೀಕ್ಷಾ ಮಾಡಿದ್ನಿ. ಇದು ಕೆಂಪು, ಗೊತ್ತಿಲ್ಲೇನು ನನಗ. ತಗೋರಿ, ಈಕಡೆದು ಹಸಿರು. ಅಗದಿ ಹಸಿರು, ಗಿಳಿ ಕಂಡಂಗ.

…ಇದನ್ನೂ ಹಿಡೀವಲ್ರಿ.

ಶಾಹಿದ್ ಭಾಯಿ?

ಇಲ್ಲಿತನಕ ನಗಾಕತ್ತಿದ್ರಿ, ಈಗ ಯಾಕ ನಗವಲ್ರಿ… ಹಸಿರು ಅಂದ್ರೆಲ್ಲಾ ನೀವು. ಹಸಿರು ಕೊಡ್ರಿ ಅಂದ್ರಿ. ಎರಡೂ ಕೈಯಾಗ ಹಿಡಕೊಂಡು ನಿಂತೇನಿ, ಒಂದರೆ… ಒಂದರೆ ಹಸಿರು ಇರಬೇಕಲ್ಲ?

ಎರಡೂ ಕೆಂಪೇನು? ಪರೀಕ್ಷಾ ಮಾಡಿದ್ದು ನೀವೇನು?

…ಹಾಂ.

ಇಳೀರಿ, ಸ್ಟೂಲ್ ಅಳ್ಳಾಡ್ತೇತಿ.

ಲ್ಯಾಪ್‌ಟಾಪ್ ಮುಂದ ಯಾಕ ಕುಂತ್ರಿ? ಏನ್ ಮಾಡಾಕತ್ತೀರಿ? ಆ ಲಡಿ… ಅದಕ್ಕ ಈ ಶಬ್ದ… ಒತ್ತರಿ ನೋಡೂಣು. ‘ರೋಹೋ’ ಅಂತು. ಇನ್ನೊಂದು? ‘ವೆರ್ದೆ.’ ಅಷ್ಟ ಏನು? ಅಷ್ಟ ಆಗಿತ್ತೇನು ಕೆಲಸ? ನನಗ ಈಗೂ ಎರಡೂ ಲಡಿ ಅಗದಿ ಒಬ್ಬವ್ವನ ಮಕ್ಕಳ ಕಂಡಂಗ ಕಾಣಸ್ತಾವ… ಯಾರಿಗೂ ಗೊತ್ತಿಲ್ರಿ. ದಾನೇಶ್ವರಿಗೂ ಗೊತ್ತಿಲ್ಲ. ಆಕಿ, ನಮ್ಮ ಮನೆಯವರಿಗೆ ಬಟ್ಟಿ ಮ್ಯಾಲೆ ಮೋಹ ಇಲ್ಲ, ಶರಣರಂಗ ಇರ್ತಾರ ಅಂತ ಎಲ್ಲಾರ ಮುಂದ ಹೊಗಳತಾಳ.

ಹುಡುಗರಿಗೆ ಸೋಮವಾರ ಮುಂಜಾನೆ ಹೇಳ್ತೇನಿ, ಪ್ರೊಜೆಕ್ಟರ್ ರಿಪೇರಿ ಆತು, ಇನ್ನ ಮ್ಯಾಲೆ ಕೆಂಪಿಗೆ ರೋಹೋ ಅಂತ. ಅವು ಲಗೂನ ಕಲೀತಾವ. ಮುಬಶಿರಾಗ ಮಾತ್ರ ಬಾಜೂಕ ಕರದು ಹೇಳಬೇಕು, ಟೊಮೇಟೊ ಎಲ್ಲಾ ದೇಶದಾಗೂ ಕೆಂಪ ಇರ್ತೇತಿ, ನಾನ ತಪ್ಪಿ ಹೇಳಿದ್ನಿ ಅಂತ. ಆದ್ರ ಹೆಡ್ ಅಕ್ಕೋರಿಗೆ… ಅಕ್ಕೋರಿಗೆ ನೀವೇನ್ ಹೇಳ್ತೀರಿ?

ಮತ್ತ ಸ್ಟೂಲ್ ಯಾಕ ಏರಿದ್ರಿ?

ಆ ಕೇಬಲ್ ಯಾಕ ಬಿಚ್ಚಿದ್ರಿ ಈಗ? ಅದು ನೆಟ್ಟಗ ಐತಲ್ಲ. ಹೊಸಾದ ಯಾಕ ಹಾಕಾಕತ್ತೀರಿ? ಹಳೇದನ್ನ ಸುತ್ತಿ ನಿಮ್ಮ ಚೀಲದಾಗ ಯಾಕ… ಹಾಂ.

ಹಾಂ, ಹಾಂ. ಒಯ್ರಿ ಭಾಯಿ, ಒಯ್ರಿ. ಪೂರಾ ಹೋಗೇತಿ ಅದು, ಎಲ್ಲಾ ದೋಷ ಅದರದ. ಅಕ್ಕೋರು ಗೇಟಿನ ಕಡೆ ನಿಂತಾರ, ಹೋಗ್ತಾ ತೋರಿಸಿ ಹೋಗ್ರಿ. ಗುರವ್ವಾ, ಶಾಹಿದ್ ಭಾಯಿಗೆ ಒಂದು ಚಾ ತಾರಬೇ, ಸಕ್ಕರಿ ಮುಂದಿರ್ಲಿ!

ಒಂದ್ ಮಾತು, ಹೋಗೂ ಮುಂದ… ಬಾಗಲಾ ಹಾಕ್ರಿ, ಮೆಲ್ಲಕ ಕೇಳ್ತೇನಿ. ಬಂದ ಕೂಡಲೇ ನಕ್ಕಿದ್ರಲ್ಲ ನನ್ನ ನೋಡಿ. ಅಂಗಡಿಯಾಂವ ಧೈರ್ಯ ಬೇಕು ಅಂದಿದ್ದ. ಹುಡುಗರೂ ಇವತ್ತ ಪ್ರಾರ್ಥನಾದಾಗ ಚಪ್ಪಾಳಿ ಹೊಡದ್ರು, ನಾ ಹೊಸಾ ಅಂಗಿ ಅಂತ ಹೊಡದ್ರು ಅಂದಕೊಂಡೆ… ಸೋಮವಾರ ಆ ಬಾಯಿ ಮುಂದ ಇದ ಅಂಗಿ ಹಾಕ್ಕೊಂಡು ನಿಂದರಾಂವ ಇದ್ದೇನಿ.

ಖರೇ ಹೇಳ್ರಿ. ಇದು ಬೂದಿ ಬಣ್ಣ ಹೌದಿಲ್ರೀ?

…ಭಾಯಿ?