ಓಡಿಹೋಗದ ಮೀನು

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಟ್ಟೆ ಹೊಲಿಯುವ ಅಜ್ಜಿಯೊಬ್ಬಳು ಒರಗಿ ಕೂತಿದ್ದಳು. ಕಣ್ಣಿಗೆ ನಿದ್ದೆ, ಕಿವಿಗೆ ಎಚ್ಚರ. ಪಕ್ಕದಲ್ಲಿ ಮೀನುಗಾರ ಗಂಡ ಹೆಂಡತಿ, ನಡುವೆ ಲ್ಯಾಬಿಗೆ ತೋರಿಸಿ ತಂದ ಮೀನಿನ ಬುಟ್ಟಿ.

“ಕೆರೇಲಿ ಬಲೆ ಬೀಸೋದೇ ಬೇಡ ಕಣೆ. ಕೈ ಹಾಕಿದ್ರೂ ಮೀನು ಕದಲಲ್ಲ.”

“ಹಿಗ್ಗಬೇಡಿ. ಲ್ಯಾಬಿನ ಮೇಡಂ ಈಗಷ್ಟೇ ಹೇಳಿದ್ದು ಮರ್ತುಹೋಯ್ತಾ?”

“ಎಲ್ಲಿ ಮರೆಯೋದು? ಲೋಹಕ್ಕೆ ಲೇಪ ಹಾಕೋ ಆ ಪ್ಲೇಟಿಂಗ್ ಕಾರ್ಖಾನೆಯಿಂದ ಕೆರೆಗೆ ಬರೋ ನೀರಲ್ಲಿ ತಾಮ್ರ ಇದೆಯಂತೆ. ಮೀನಿನ ಕಿವಿರಿಗೆ ಲೋಳೆ ಕಟ್ಟಿ ಉಸಿರು ಸಾಲಲ್ಲ, ಮೂಗೂ ಸತ್ತುಹೋಗುತ್ತಂತೆ. ಅಪಾಯ ಹತ್ರ ಬಂದ್ರೂ ವಾಸನೆ ಹತ್ತಲ್ಲ.”

“ದೇವರು ಮೂಗು ಕೊಟ್ಟಿದ್ದೇ ತಪ್ಪಿಸ್ಕೊಳ್ಳಲಿ ಅಂತ.”

“ಎಲ್ಲಾ ನಿನ್ನ ತಮ್ಮ ದುಡಿಯೋ ಕಾರ್ಖಾನೆ ಪುಣ್ಯ.”

ಹೆಂಡತಿ ಬುಟ್ಟಿಯ ಮುಚ್ಚಳ ಸರಿಸಿ ಮೀನನ್ನು ನೋಡಿದಳು.

“ಮೊನ್ನೆ ಅವನ ಮನೇಲಿ ಅನ್ನ ಸೀದು ಬೀದಿಗೆಲ್ಲ ವಾಸನೆ ರೀ. ಅವನು ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ದ. ನಾನು ನಕ್ಕುಬಿಟ್ಟೆ.”

“...ಪೇಟೆ ಬಸ್ ಬಂತು, ಏಳು.”

“ಇದನ್ನ ಮಾರಬೇಡಿ, ಹೂತುಬಿಡಿ. ನಾನು ಕಾರ್ಖಾನೆ ಬಸ್ ಹಿಡೀತೀನಿ.”

“ಕರೆದ್ರೆ ಕೆಲಸ ಬಿಟ್ಟು ಬರ್ತಾನೇನೆ ಅವನು?”

“ಅಕ್ಕ ಕೈ ಹಿಡಿದ್ರೆ ಬಿಡಿಸ್ಕೊಂಡು ಓಡಲ್ಲ ಬಿಡಿ,” ಎನ್ನುತ್ತ ಅವಳು ರಸ್ತೆ ದಾಟಿದಳು.

ಗಂಡ ಬುಟ್ಟಿಯನ್ನು ಹೆಗಲಿಗೇರಿಸಿದ. ಪೇಟೆ ಬಸ್ಸನ್ನು ಹೋಗಲು ಬಿಟ್ಟು, ಮೀನು ಹೂಳುವ ಜಾಗ ಹುಡುಕುತ್ತ ಬಂದ ದಾರಿಯಲ್ಲೇ ನಡೆದ.