ವಾರ್ಡು ಬಿಟ್ಟ ಸಿಸ್ಟರ್

೨೦೦೬ರ ಒಂದು ಸಂಜೆ, ನಗರ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಹಿರಿಯಾಕೆ ಆಸ್ಪತ್ರೆಯ ಆಯಾ.

“ಸಂಘಮಿತ್ರ ಸಿಸ್ಟರೇ, ವಾರ್ಡಿಗೆ ಯಾವಾಗ ಬತ್ತೀರಿ?”

“ಇನ್ನು ಬರಲ್ಲ ಚಲುವಮ್ಮ. ಮೆಡಿಕಲ್ ಕೋಡಿಂಗ್ ಪರೀಕ್ಷೆ ಪಾಸಾಯ್ತು, ಕೆಲಸಕ್ಕೂ ಸೇರ್ಕೊಂಡೆ.”

“ಅಂಗಂದ್ರೆ?”

“ಅಮೆರಿಕದ ರೋಗಿಗಳ ಕೇಸ್ ಶೀಟ್ ಓದಿ, ಕಾಯಿಲೆಗೊಂದು ನಂಬರ್ ಹಾಕೋದು. ಬಿಲ್ಲಿನ ದುಡ್ಡು ಕೊಡೋಕೆ ಇನ್ಶೂರೆನ್ಸ್‌ನವರಿಗೆ ಅದು ಬೇಕು.”

“ಒಳ್ಳೇದಾಯ್ತು ಬುಡಿ. ವಾರ್ಡಲ್ಲಿ ಆ ಮಗು ನಿಮ್ಮ ಕೈಲೇ ಜೀವ ಬುಟ್ಮೇಲೆ ಊಟಾನೇ ಬುಟ್ಟಿದ್ರಿ. ಅಲ್ಲಿ ಸಾವು ನೋಡಂಗಿಲ್ವಲ್ಲ.”

“ನಾನೂ ಹಂಗೇ ಅಂದ್ಕೊಂಡಿದ್ದೆ. ನಿನ್ನೆ ಒಂದು ಪುಟ್ಟ ಹುಡುಗಿ ಶೀಟ್ ಬಂತು. ಓದ್ತಾ ಓದ್ತಾ ಕೊನೇ ಪುಟದಲ್ಲಿ ತೀರ್ಕೊಂಡ್ಲು.”

“ಅಯ್ಯೋ! ಏನ್ಮಾಡಿದ್ರಿ?”

“ನಂಬರ್ ಹಾಕ್ದೆ. ವಾರ್ಡಲ್ಲಾಗಿದ್ರೆ ಅವಳ ತಾಯಿ ಪಕ್ಕ ಒಂದ್ಗಳಿಗೆ ಕೂತ್ಕೋಬಹುದಿತ್ತು ಕಣಮ್ಮ.”

ಅಶೋಕಪುರಂ ಬಸ್ಸು ಬಂತು. ಚಲುವಮ್ಮ ಆಕೆಯ ಕೈ ಹಿಡಿದು ಹತ್ತಿಸಿಕೊಂಡರು.