ಎರಡೂವರೆಯಿಂದ ನಾಲ್ಕು

ಯಾಕೆ ನಗ್ತಿ ಮಾರಾಯ್ತಿ? ನಿಜ ಹೇಳ್ತಿದ್ದೇನೆ. ಆಯುಧಪೂಜೆಗೆ ಗ್ರೈಂಡರಿಗೆ ಒಂದು ಬೊಟ್ಟು, ಇಡ್ಲಿ ಪಾತ್ರೆಗೆ ಒಂದು ಬೊಟ್ಟು, ಮೋಡೆಮ್ಮಿಗೆ ಒಂದು. ಕುಂಕುಮ ಹಚ್ಚುವವ ಯಾರು ಗೊತ್ತುಂಟಾ? ನಿನ್ನಪ್ಪ. ಐತಪ್ಪನಿಗೆ ದೋಸೆಕಲ್ಲು ಬಿಟ್ಟರೆ ಬೇರೆ ಮೆಷಿನ್ ಗೊತ್ತಿಲ್ಲ, ಆದರೆ ಭಕ್ತಿ ನನಗಿಂತ ಜಾಸ್ತಿ. ಮೋಡೆಮ್ ಸತ್ತು ಒಂಬತ್ತು ವರ್ಷ ಆಯ್ತು, ಈಗಲೂ ಹಚ್ತಾನೆ.

ಬರಕೊ, ಬರಕೊ. ನಿಮ್ಮ ಕಾಲೇಜು ಮ್ಯಾಗಝೀನಿನವರಿಗೂ ಗೊತ್ತಾಗ್ಲಿ. ಇಂಟರ್ನೆಟ್ ಮನೆಮನೆಗೆ ಬರುವ ಮೊದಲೇ ಊರಿಂದ ಇಷ್ಟು ದೂರದ ಈ ತ್ರಿಪ್ಲಿಕೇನಿನಲ್ಲಿ, ಈ ಕ್ಯಾಶ್ ಟೇಬಲಿನ ಅಡಿಯಲ್ಲಿ, ಈ ಪಂಢರಿನಾಥನ ಬುಲೆಟಿನ್ ಬೋರ್ಡ್ ಇತ್ತು. ಜನ ತಮ್ಮ ಕಂಪ್ಯೂಟರಿನಿಂದ ನಮ್ಮ ಹೋಟೆಲಿನ ನಂಬರಿಗೇ ಡಯಲ್ ಮಾಡ್ಬೇಕು, ಮೋಡೆಮ್ ಕುಂಯ್ಯೋ ಅಂತ ಕೂಗ್ಬೇಕು, ಆಮೇಲೆ ಒಳಗೆ ಬಂದು ಕಾಗದ ಬರೆದಿಟ್ಟು ಹೋಗ್ಬೇಕು. ಲೈನ್ ಒಂದೇ. ಒಬ್ಬ ಒಳಗಿದ್ದರೆ ಊರಿಗೆಲ್ಲ ಎಂಗೇಜ್. ಹಾಗಾಗಿ ಟೈಮ್ ಇಟ್ಟಿದ್ದೆ. ಊಟದ ಗಲಾಟೆ ಮುಗಿದ ಮೇಲೆ, ಎರಡೂವರೆಗೆ, ಫೋನಿನ ವಯರ್ ಕಿತ್ತು ಮೋಡೆಮ್ಮಿಗೆ. ಟಿಫಿನ್ನಿಗೆ ಜನ ಬರುವ ನಾಲ್ಕಕ್ಕೆ ವಾಪಸ್ ಫೋನಿಗೆ. ಕರಾರುವಾಕ್ಕು.

ಸದಸ್ಯರಾ? ಒಂಬತ್ತು ಜನ. ಈಗಲೂ ಇದ್ದಾರೆ. ತಿಂಗಳ ಎರಡನೇ ಭಾನುವಾರ ಆ ಮೂಲೆಯ ಟೇಬಲಿಗೆ ಬರ್ತಾರೆ. ಒಟ್ಟಿಗೆ ಕೂತ್ಕೊಳ್ಳುವುದಿಲ್ಲ, ಅಭ್ಯಾಸ ಇಲ್ಲ ಪಾಪ. ಒಬ್ಬ ಕಾಫಿ ಕುಡಿದು, ಚೀಟಿ ಬರೆದು ಸಕ್ಕರೆ ಡಬ್ಬದ ಅಡಿ ಇಟ್ಟು ಎದ್ದ ಮೇಲೆ ಇನ್ನೊಬ್ಬ ಬರುವುದು. ಅಲ್ಲಿಯವರೆಗೆ ಹೊರಗೆ ನಿಂತಿರ್ತಾನೆ. ಒಮ್ಮೆ ನಾನೇ ಇಬ್ಬರನ್ನು ಎದುರುಬದುರು ಕೂರಿಸಿದೆ. ಹತ್ತು ವರ್ಷದ ಸ್ನೇಹ. ಅರ್ಧ ಗಂಟೆ ಸಾಂಬಾರ್ ನೋಡ್ತಾ ಕೂತ್ರು... ನಗು, ನಗು.

ಐತಪ್ಪಾ, ಮಗಳಿಗೆ ಒಂದು ತುಪ್ಪದ ದೋಸೆ. ನೀನೇ ತೆಗೊಂಡು ಬಾ.

ಆ ಗೋಡೆಯ ಫ್ರೇಮಾ? ಸೆರಿ, ಕಣ್ಣು ಸರಿಯಾದ್ದಕ್ಕೇ ಬಿತ್ತು. ಅದು ನಮ್ಮ ದಾಖಲೆ. ಯಾರು ಎಷ್ಟೊತ್ತಿಗೆ ಬಂದ, ಎಷ್ಟೊತ್ತಿಗೆ ಹೋದ, ಎಲ್ಲ ಕಂಪ್ಯೂಟರೇ ಬರೆದಿಡ್ತಿತ್ತು. ಆ ಹಾಳೆ ಪ್ರಿಂಟ್ ತೆಗೆದು ಕಟ್ಟು ಹಾಕಿಸಿದ್ದು. ಒಂದೇ ಕರೆ, ಐದು ಗಂಟೆ ನಲವತ್ತು ನಿಮಿಷ. ಎಣ್ಣೂರಿನಿಂದ ಶಿವರಾಮು, ಮಂಡ್ಯದವ, ಕರೆಂಟ್ ಸ್ಟೇಷನ್ನಿನಲ್ಲಿ ಇಂಜಿನಿಯರ್. ಅವನಿಗೂ ನನಗೂ ಚೆಸ್. ಅವ ಅಲ್ಲಿಂದ ಒಂದು ನಡೆ ಟೈಪ್ ಮಾಡುವುದು, ನಾನು ಇಲ್ಲಿಂದ ಒಂದು. ನಾಲ್ಕಾಯ್ತು, ಐದಾಯ್ತು... ನಾನು ಗೆಲ್ತಿದ್ದೆ ಮಾರಾಯ್ತಿ, ವಯರ್ ಕಿತ್ತರೆ ಆಟವೇ ಹೋಯ್ತು. ನೀನಾದರೆ ಕೀಳ್ತಿದ್ದೆಯಾ? ಎಂಟೂ ಹತ್ತಕ್ಕೆ ಅವ ಸೋತೆ ಅಂದ. ತಾರೀಕು ಬರಕೊ, ಅಲ್ಲೇ ಉಂಟು. ತೊಂಬತ್ತೆಂಟು, ನವೆಂಬರ್ ಹದಿನಾಲ್ಕು.

ಯಾಕೆ, ಪೆನ್ನು ಯಾಕೆ ಕೆಳಗಿಟ್ಟೆ?

ತಾರೀಕು ತಪ್ಪಲ್ಲ. ಕಂಪ್ಯೂಟರ್ ಬರೆದದ್ದು ಅದು... ಓ. ನಿನ್ನ ಅಜ್ಜಿಗೆ ಸೀರಿಯಸ್ ಆದದ್ದು. ಹೌದು, ಅದೇ ಸಮಯ ಇರ್ಬೇಕು. ಐತಪ್ಪ ಊರಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದರೆ ಅದು ಬೇರೆ ವಿಷಯ. ಸುದ್ದಿ ತಡ ಆದದ್ದು ಮಳೆಗೆ ಲೈನ್ ಕೆಟ್ಟು. ಕೇಬಲಿಗೆ ನೀರು ನುಗ್ಗಿ ಇಡೀ ದಿನ ನಮ್ಮ ಫೋನ್ ಸತ್ತಿತ್ತು, ಬೇಕಾದರೆ ನಿನ್ನಪ್ಪನನ್ನೇ ಕೇಳು...

ಹಾಗೆ ನೋಡ್ಬೇಡ.

ಲೈನ್ ಸತ್ತಿದ್ದರೆ ಚೆಸ್ ಹೇಗೆ ಆಡಿದ್ದು ಅಂತ ತಾನೇ? ಬೈಯುವುದಾದರೆ ಬೈ ಮಾರಾಯ್ತಿ. ಬೂತಿನಿಂದ ಫೋನ್ ಮಾಡಿದ್ದು ನಿನ್ನಮ್ಮ ಅಲ್ವಾ?... ನೀನಾ? ಹತ್ತು ವರ್ಷದ ಹುಡುಗಿ, ಬೂತಿನಲ್ಲಿ ಒಬ್ಬಳೇ ನಿಂತು... ಎಷ್ಟು ಸಲ ಮಾಡಿದೆ? ಬೇಡ, ಹೇಳ್ಬೇಡ.

ಎಂಟೂಕಾಲಿಗೆ ವಯರ್ ಹಾಕಿದ ಕೂಡಲೇ ರಿಂಗ್ ಆಯ್ತು. ಅಷ್ಟರಲ್ಲಿ ಮಂಗಳೂರು ರೈಲು ಹೋಗಿ ಆಗಿತ್ತು. ಆ ರೈಲು ಸಿಕ್ಕಿದ್ದರೆ ನಿನ್ನಪ್ಪ ಅವ್ವನ ಬಾಯಿಗೆ ನೀರು ಬಿಡ್ತಿದ್ದ, ನನಗೆ ಗೊತ್ತುಂಟು. ಬೆಳಗಿನಿಂದ ಲೈನ್ ಕೆಟ್ಟಿತ್ತು ಐತಪ್ಪ ಅಂದೆ. ಬಾಯಿಗೆ ಬಂತು, ಅಂದೆ. ಅಂದಿನಿಂದ ಅವ ಟೆಲಿಫೋನಿನವರಿಗೆ ಬೈತಾನೆ. ನಾನೂ ಜೊತೆಗೆ ಕೂತು ಬೈತೇನೆ. ಅವನಿಗೆ ಇಂಗ್ಲಿಷ್ ಓದ್ಲಿಕ್ಕೆ ಬರುವುದಿಲ್ಲ ನಿಶ್ಮಿತಾ, ಅದಕ್ಕೇ ಅದು ಇನ್ನೂ ಗೋಡೆಯಲ್ಲಿ ಇರುವುದು. ಆ ಗಾಜಿನ ಮೇಲೆ ಕೆಂಪಗೆ ಕಾಣ್ತದಲ್ಲ, ಅದೂ ಅವ ಹಚ್ಚಿದ ಕುಂಕುಮವೇ.

ನಾನೇ ಹೇಳ್ತೇನೆ ಅವನಿಗೆ. ಇವತ್ತಲ್ಲ. ಒಂದು ದಿನ ಕೂರಿಸಿ, ನಿಧಾನಕ್ಕೆ... ನೀನು ಮಾತ್ರ... ಎಂತ? ನನ್ನ ಹಿಂದೆ ಎಂತ ನೋಡ್ತಿದ್ದಿ?

ಓ, ಐತಪ್ಪ. ಬಾ, ಬಾ. ಇಡು ಇಲ್ಲಿ. ಏನಿಲ್ಲ, ನಿನ್ನ ಮಗಳಿಗೆ ಹಳೇ ಕತೆ ಹೇಳ್ತಿದ್ದೆ, ಮೋಡೆಮ್ಮಿನದ್ದು...

ಅಲ್ಲ ಐತಪ್ಪ, ಈ ದೋಸೆ ಪೂರಾ ತಣ್ಣಗಾಗಿದೆಯಲ್ಲ. ಎಷ್ಟು ಹೊತ್ತಾಯ್ತು ನೀನು ಬಾಗಿಲಲ್ಲಿ ನಿಂತು?